ಕಚ್ಚಿಕೊಂಡ ಸ್ಟಿಕ್, ವಾಪಸ್ ಬಾರದ ಪೆಡಲ್: ಹಳೆಯ ವಿಮಾನದ ಕಂಟ್ರೋಲ್ ಕೀಲುಗಳನ್ನು ಬಿಡಿಸುವುದು ಹೇಗೆ?

ಪ್ರಶ್ನೆ: ಪೊನ್ನಂಪೇಟೆ ಹತ್ತಿರದ ನಮ್ಮ ತೋಟದ ಗೊಬ್ಬರದ ಗೋದಾಮಿನಲ್ಲಿ, ದೊಡ್ಡಪ್ಪ ಕೊಂಡು ತಂದಿದ್ದ ಎರಡು ಸೀಟಿನ ಹಳೆಯ ವಿಮಾನವೊಂದು ಇಪ್ಪತ್ತು ವರ್ಷದಿಂದ ನಿಂತಿದೆ. ಪುಷ್ಪಕ್ ತರಹದ್ದೇ: ಸ್ಟೀಲ್ ಕೊಳವೆಯ ಚೌಕಟ್ಟು, ಮೇಲೆ ಬಟ್ಟೆ. ರೆಕ್ಕೆಗಳನ್ನು ಆಗಲೇ ಕಳಚಿ ಗೋಡೆಗೆ ಒರಗಿಸಿದ್ದಾರೆ. ಸ್ಟಿಕ್ (ಪೈಲಟ್ ಕೈಯಲ್ಲಿ ಹಿಡಿಯುವ ಕಂಟ್ರೋಲ್ ಕೋಲು) ಎಡಬಲಕ್ಕೆ ಸ್ವಲ್ಪವೂ ಹೊರಳುತ್ತಿಲ್ಲ. ಹಿಂದಕ್ಕೆ ಎಳೆದರೆ ಒಂದು ಇಂಚು ಬಂದು ನಿಲ್ಲುತ್ತದೆ. ಎಡ ರಡ್ಡರ್ (ಬಾಲದ ನಿಂತ ಚುಕ್ಕಾಣಿ) ಪೆಡಲ್ ಒತ್ತಿದರೆ ಹೋಗುತ್ತದೆ, ವಾಪಸ್ ಬರುವುದಿಲ್ಲ. ಇಲ್ಲಿಯ ಜೀಪ್ ಮೆಕ್ಯಾನಿಕ್ ಒಬ್ಬರು ಗ್ಯಾಸ್ ಟಾರ್ಚ್ ಹಿಡಿದರೆ ಅರ್ಧ ಗಂಟೆಯ ಕೆಲಸ ಎನ್ನುತ್ತಾರೆ. ಹಿಡಿಸಬಹುದೇ? ಮುಂದೆ ಹಾರಿಸುವ ಆಸೆಯೂ ಇದೆ.

ಉತ್ತರ: ಟಾರ್ಚ್ ಬೇಡ. ಜೀಪಿನ ಕಿಂಗ್‌ಪಿನ್‌ಗೆ ಅದು ಸರಿ. ಅಲ್ಲಿ ಸುತ್ತ ಇರುವುದು ಬೆರಳು ದಪ್ಪದ ಕಬ್ಬಿಣ. ಇಲ್ಲಿ ಸ್ಟಿಕ್ಕಿನ ಬುಡದಲ್ಲಿರುವ, ಅದರ ಜೊತೆ ಹೊರಳುವ ಕೊಳವೆಯ (ಟಾರ್ಕ್ ಟ್ಯೂಬ್) ಗೋಡೆ ಸಾಮಾನ್ಯವಾಗಿ ಒಂದು ಮಿಲಿಮೀಟರ್ ಆಸುಪಾಸು ಮಾತ್ರ. ಅಲ್ಲಿಂದ ಒಂದಡಿ ದೂರದಲ್ಲೇ ಡೋಪ್ (ಬಟ್ಟೆಯನ್ನು ಬಿಗಿಗೊಳಿಸುವ ವಾರ್ನಿಷ್) ಬಳಿದ ಬಟ್ಟೆ. ಆ ಕಾಲದ ಡೋಪ್ ನೈಟ್ರೇಟ್ ಜಾತಿಯದಾಗಿದ್ದರೆ ಅದು ಸಿಡಿಹತ್ತಿಯ ಹತ್ತಿರದ ಸಂಬಂಧಿ, ಒಂದು ಕಿಡಿ ಬಿದ್ದರೆ ಬಕೆಟ್ ನೀರು ತರುವಷ್ಟು ಸಮಯವೂ ಸಿಗುವುದಿಲ್ಲ. ಬೋಲ್ಟುಗಳ ಮೇಲಿರುವ ಕ್ಯಾಡ್ಮಿಯಂ ಲೇಪ 321 ಡಿಗ್ರಿಗೆ ಕರಗುತ್ತದೆ. ಅದರ ಹೊಗೆ ಶ್ವಾಸಕೋಶಕ್ಕೆ ವಿಷ. ಹದ ಕೊಟ್ಟ ಬೋಲ್ಟು ಒಮ್ಮೆ ಕೆಂಪಗೆ ಕಾದರೆ ಅದರ ಹದ ಹೋಯಿತು, ಅದೂ ಹೊರಗಿನಿಂದ ನೋಡಿದರೆ ಗೊತ್ತಾಗದ ಹಾಗೆ.

ಟಾರ್ಚಿಗಿಂತ ಹೆಚ್ಚು ಹಾಳು ಮಾಡುವುದು ಕೈಯ ಬಲ. ಸ್ಟಿಕ್ ಅಲುಗುವುದಿಲ್ಲ ಎಂದು ಇಬ್ಬರು ಸೇರಿ ಅಲ್ಲಾಡಿಸುವುದನ್ನು ಇವತ್ತಿಗೇ ನಿಲ್ಲಿಸಿ. ಕೀಲಿನಿಂದ ಮೇಲೆ ಅರ್ಧ ಮೀಟರ್ ಸ್ಟಿಕ್, ಕೆಳಗೆ ಏಳೂವರೆ ಸೆಂಟಿಮೀಟರ್ ತೋಳು ಎಂದುಕೊಳ್ಳಿ. ಮೇಲೆ 20 ಕಿಲೋ ತಳ್ಳಿದರೆ ಕೆಳಗಿನ ಪಿನ್ನಿನ ಮೇಲೆ ಬೀಳುವುದು ಸುಮಾರು 130 ಕಿಲೋ. ಆ ಬಲ ಕಚ್ಚಿಕೊಂಡ ಜಾಗಕ್ಕೇ ಹೋಗುತ್ತದೆ ಎಂದೇನಿಲ್ಲ. ದಾರಿಯಲ್ಲಿ ಯಾವುದು ದುರ್ಬಲವೋ ಅದನ್ನು ಬಗ್ಗಿಸುತ್ತದೆ. ಆಮೇಲೆ ಸ್ಟಿಕ್ ಬಿಟ್ಟಿತು ಎಂದು ಖುಷಿಪಡುವಾಗ ಬಿಟ್ಟಿರುವುದು ಬೆಸುಗೆಯೂ ಆಗಿರಬಹುದು.

ಮೊದಲು ಎಲ್ಲಿ ಕಚ್ಚಿದೆ ಎಂದು ಹುಡುಕಬೇಕು. ನಿಮ್ಮ ಪತ್ರದಲ್ಲೇ ಅರ್ಧ ಉತ್ತರವಿದೆ. ರೆಕ್ಕೆ ಕಳಚಿದೆ, ಆದರೂ ಸ್ಟಿಕ್ ಎಡಬಲಕ್ಕೆ ಹೊರಳುತ್ತಿಲ್ಲ ಎಂದರೆ ತೊಂದರೆ ರೆಕ್ಕೆಯಲ್ಲಿಲ್ಲ, ಚೌಕಟ್ಟಿನ ಒಳಗೇ ಇದೆ. ರೆಕ್ಕೆ ಕಳಚುವವರು ಏಲರಾನ್ (ರೆಕ್ಕೆಯ ಹಿಂಬದಿಯ ಆಡುವ ಹಲಗೆ) ಕೇಬಲ್ಲಿನ ತುದಿಗಳು ಒಳಕ್ಕೆ ಜಾರಿಹೋಗದಿರಲಿ ಎಂದು ಚೌಕಟ್ಟಿಗೆ ತಂತಿಯಿಂದ ಕಟ್ಟಿಡುವುದು ರೂಢಿ. ಎರಡೂ ಬದಿ ಬಿಗಿಯಾಗಿ ಕಟ್ಟಿದ್ದರೆ ಸ್ಟಿಕ್ ಕಲ್ಲಿನ ಹಾಗೆ ನಿಲ್ಲುತ್ತದೆ, ಯಾವುದೂ ಜಾಮ್ ಆಗಿರದಿದ್ದರೂ! ಹಾಗೆಯೇ ಗಾಳಿಗೆ ಅಲುಗದಿರಲು ಹಾಕುವ ಕಂಟ್ರೋಲ್ ಲಾಕ್ ಎಲ್ಲಾದರೂ ಉಳಿದಿದೆಯೇ ನೋಡಿ: ಸ್ಟಿಕ್ ಬುಡದಲ್ಲಿ ಅಡ್ಡ ಪಿನ್, ಬಾಲದ ಹತ್ತಿರ ಮರದ ಕ್ಲಾಂಪ್. ಇಷ್ಟು ನೋಡದೆ ಎಣ್ಣೆ ಬಾಟಲಿಗೆ ಕೈ ಹಾಕುವವರೇ ಹೆಚ್ಚು.

ಎಣ್ಣೆಗೂ ಮೊದಲು ಇನ್ನೊಂದು ಕೆಲಸವಿದೆ, ನಿಮ್ಮ ವಿಷಯದಲ್ಲಿ ಅದೇ ಮುಖ್ಯ. ವಿಮಾನ ನಿಂತಿರುವುದು ಗೊಬ್ಬರದ ಗೋದಾಮಿನಲ್ಲಿ. ಕೊಡಗಿನ ತೋಟದ ಗೋದಾಮು ಎಂದರೆ ಪೊಟ್ಯಾಷ್ ಮೂಟೆ, ಬೋರ್ಡೋ ದ್ರಾವಣಕ್ಕೆ ಮೈಲುತುತ್ತ, ಪಕ್ಕದಲ್ಲೇ ಸುಣ್ಣ. ಮೈಲುತುತ್ತದ ದೂಳು ತೇವದಲ್ಲಿ ಕರಗಿ ಅಲ್ಯೂಮಿನಿಯಂ ಅಥವಾ ಸ್ಟೀಲ್ ಮೇಲೆ ಕೂತರೆ ತಾಮ್ರ ಅದರ ಮೇಲೆ ಪದರವಾಗಿ ಇಳಿಯುತ್ತದೆ, ಬದಲಿಗೆ ಕೆಳಗಿನ ಲೋಹ ಕರಗಿ ಹೋಗುತ್ತದೆ. ಆಮೇಲೆ ಆ ಒಂದೊಂದು ತಾಮ್ರದ ಚುಕ್ಕೆಯೂ ಒಂದೊಂದು ಪುಟ್ಟ ಬ್ಯಾಟರಿಯ ಹಾಗೆ ತಿನ್ನುತ್ತಲೇ ಇರುತ್ತದೆ. ಪೊಟ್ಯಾಷ್ ಎಂದರೆ ಕ್ಲೋರೈಡ್, ಅಲ್ಯೂಮಿನಿಯಂ ತನ್ನನ್ನು ಕಾಪಾಡಿಕೊಳ್ಳುವ ಆಕ್ಸೈಡ್ ಪೊರೆಯನ್ನು ಚುಚ್ಚುವುದೇ ಅದರ ಗುಣ. ಗಾಳಿಯ ತೇವ ಸುಮಾರು ಶೇ. 84 ದಾಟಿದರೆ ಪೊಟ್ಯಾಷ್ ತಾನಾಗಿಯೇ ನೀರು ಹೀರಿ ಕರಗುತ್ತದೆ. ಜೋರು ಮಳೆಯ ಕಕ್ಕಡ ತಿಂಗಳಲ್ಲಿ ನಿಮ್ಮ ಗೋದಾಮಿನ ಗಾಳಿ ಅದಕ್ಕಿಂತ ಕೆಳಗಿಳಿಯುವ ದಿನ ಎಷ್ಟಿರುತ್ತದೆ ಎಂಬುದು ನಿಮಗೇ ಗೊತ್ತು.

ಈ ಉಪ್ಪು ಇರುವಾಗಲೇ ಎಣ್ಣೆ ಹಾಕಿದರೆ ಉಪ್ಪನ್ನು ಒಳಗಿಟ್ಟು ಬೀಗ ಹಾಕಿದ ಹಾಗೆ. ಮೊದಲು ಗಾಡಿಯನ್ನು ಬೇರೆ ಒಣ ಶೆಡ್ಡಿಗೆ ಸಾಗಿಸಿ. ದೂಳನ್ನು ವ್ಯಾಕ್ಯೂಮ್ ಕ್ಲೀನರಿನಿಂದ ಎಳೆಯಿರಿ. ಕಂಪ್ರೆಸರ್ ಗಾಳಿ ಬೇಡ, ಅದು ಪುಡಿಯನ್ನು ಬೇರಿಂಗ್ ಒಳಕ್ಕೇ ನೂಕುತ್ತದೆ. ಕೈಗವಸು, ಮಾಸ್ಕ್ ಕಡ್ಡಾಯ. ಹೊಟ್ಟೆಯ ಭಾಗದ ಬಟ್ಟೆಯೊಳಗೆ ಇಲಿಗಳ ಗೂಡು ಇದ್ದೇ ಇರುತ್ತದೆ, ಇಲಿ ಜ್ವರ ನಮ್ಮ ಕಡೆ ಹೊಸದಲ್ಲ. ಇಲಿಯ ಮೂತ್ರವೂ ಲೋಹ ತಿನ್ನುತ್ತದೆ, ಗೂಡಿನ ಕೆಳಗಿನ ಕೊಳವೆಗಳನ್ನು ಗುರುತು ಹಾಕಿಕೊಳ್ಳಿ. ನಂತರ ಒಂದೊಂದೇ ಕೀಲನ್ನು ಶುದ್ಧ ಮಳೆನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ನಾಲ್ಕೈದು ಸಲ ಒರೆಸಿ, ಪ್ರತಿ ಸಲವೂ ಹೊಸ ಬಟ್ಟೆ. ಮರದ ಭಾಗಕ್ಕೂ ಹೊದಿಕೆಗೂ ನೀರು ತಾಗಬಾರದು. ಎರಡು ದಿನ ಫ್ಯಾನ್ ಹಾಕಿ ಒಣಗಿಸಿ. ಈ ಕೆಲಸಕ್ಕೆ ಡಿಸೆಂಬರಿನಿಂದ ಮಾರ್ಚ್ ಒಳ್ಳೆಯ ಸಮಯ. ಕಾಫಿ ಕೊಯ್ಲಿಗೂ ಅದೇ ಸಮಯ ಎಂಬುದೇ ತೊಂದರೆ.

ಬಿಚ್ಚುವ ಮೊದಲು ಫೋಟೋ ತೆಗೆಯಿರಿ, ಪ್ರತಿ ಕೇಬಲ್ ತುದಿಗೂ ಚೀಟಿ ಕಟ್ಟಿ, ಟರ್ನ್‌ಬಕಲ್‌ಗಳಲ್ಲಿ (ಕೇಬಲ್ ಬಿಗಿಸುವ ತಿರುಪು ಜೋಡಣೆ) ಹೊರಗೆ ಕಾಣುವ ಥ್ರೆಡ್ ಎಷ್ಟು ಎಂದು ಎಣಿಸಿ ಬರೆದಿಡಿ. ಕೇಬಲ್ಲಿನ ಬಿಗಿತ ಇಳಿಸಿದ ಮೇಲೆಯೇ ಮುಂದಿನ ಪರೀಕ್ಷೆ. ಟರ್ನ್‌ಬಕಲ್ಲಿನ ಹಿತ್ತಾಳೆಯ ನಡುಭಾಗಕ್ಕೆ ಒಂದು ತುದಿಯಲ್ಲಿ ಉಲ್ಟಾ ಥ್ರೆಡ್ ಇರುತ್ತದೆ. ಯಾವ ತುದಿಯ ಸುತ್ತ ಗೀರು ಕೊರೆದಿದೆಯೋ ಅದು ಉಲ್ಟಾ. ಕಚ್ಚಿಕೊಂಡಿದ್ದರೆ ಎರಡು ತುದಿಯನ್ನೂ ಅಲುಗದಂತೆ ಹಿಡಿದು ನಡುವಿನ ಹಿತ್ತಾಳೆಯನ್ನು ಮಾತ್ರ ತಿರುಗಿಸಬೇಕು. ತುದಿಯನ್ನು ಹಿಡಿಯದೆ ತಿರುಗಿಸಿದರೆ ಕೇಬಲ್ ಹಗ್ಗದ ಹಾಗೆ ಹುರಿಗೊಂಡು ಒಳಗಿನ ಎಳೆಗಳು ಮುರಿಯುತ್ತವೆ.

ಈಗ ಸ್ಟಿಕ್. ಅದರ ಬುಡದಲ್ಲಿ ಎರಡು ದಿಕ್ಕಿಗೆ ಎರಡು ಬೇರೆ ಕೀಲುಗಳಿರುತ್ತವೆ. ಹಿಂದೆಮುಂದಿನದು ಒಂದಿಂಚು ಆಡುತ್ತಿದೆ, ಅಂದರೆ ಅದು ಪೂರ್ತಿ ಸತ್ತಿಲ್ಲ. ಕಟ್ಟು ಬಿಚ್ಚಿ, ಕೇಬಲ್ ಕಳಚಿದ ಮೇಲೂ ಎಡಬಲಕ್ಕೆ ಹೊರಳದಿದ್ದರೆ ಟಾರ್ಕ್ ಟ್ಯೂಬ್ ತಾನು ಹೊರಳುವ ಉಂಗುರಗಳಲ್ಲಿ, ಅಂದರೆ ಬುಷ್‌ಗಳಲ್ಲಿ ಕಚ್ಚಿಕೊಂಡಿದೆ. ಅಲ್ಲಿ ಯಾವ ಬಣ್ಣ ಕಾಣುತ್ತದೆ ನೋಡಿ. ಕಂದು ಜೇನಿನಂತೆ ಹೊಳೆಯುವ ಅಂಟು ಇದ್ದರೆ ಹಳೆಯ ಗ್ರೀಸ್ ಒಣಗಿ ಮೇಣವಾಗಿದೆ, ಅದು ಸುಲಭದ ಕೇಸು. ಕೆಂಪು ಪುಡಿ ಇದ್ದರೆ ತುಕ್ಕು: ಸ್ಟೀಲ್ ತುಕ್ಕಾದಾಗ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ತಿನ್ನುವುದರಿಂದ ಒಳಗಿನ ಸಂದು ತಾನೇ ಬಿಗಿಯುತ್ತದೆ. ಬಿಳಿ ಹಿಟ್ಟಿನಂಥದ್ದಿದ್ದರೆ ಸ್ಟೀಲೂ ಅಲ್ಯೂಮಿನಿಯಂ ಭಾಗವೂ ಒಂದಕ್ಕೊಂದು ತಾಗಿ ಅಲ್ಯೂಮಿನಿಯಂ ಕೊಳೆತಿದೆ. ಅದು ಕಷ್ಟದ್ದು, ಎಣ್ಣೆಗೆ ಸುಲಭವಾಗಿ ಬಗ್ಗುವುದಿಲ್ಲ.

ಒಳಗಿಳಿಯುವ ಎಣ್ಣೆಯನ್ನು ಮನೆಯಲ್ಲೇ ಮಾಡಬಹುದು: ಅಸಿಟೋನ್ ಮತ್ತು ಪವರ್ ಸ್ಟೀರಿಂಗ್‌ಗೆ ಹಾಕುವ ಎಟಿಎಫ್, ತಲಾ 100 ಮಿಲಿಲೀಟರ್, ಲೋಹದ ಎಣ್ಣೆಗಿಂಡಿಯಲ್ಲಿ. ಇವೆರಡೂ ಬೆರೆತು ನಿಲ್ಲುವುದಿಲ್ಲ, ಪ್ರತಿ ಸಲ ಕುಲುಕಿಯೇ ಹಾಕಬೇಕು. ಆದರೆ ಅಸಿಟೋನ್ ಡೋಪನ್ನೂ ಪೇಂಟನ್ನೂ ಕಿಟಕಿಯ ಅಕ್ರಿಲಿಕ್ಕನ್ನೂ ತಿನ್ನುತ್ತದೆ, ಹತ್ತಿದರೆ ಬೆಂಕಿ. ಹೊದಿಕೆ ಉಳಿಸಿಕೊಳ್ಳುವ ಇರಾದೆ ಇದ್ದರೆ ಅಂಗಡಿಯಲ್ಲಿ ಸಿಗುವ, ಅಸಿಟೋನ್ ಇಲ್ಲದ ಪೆನೆಟ್ರೇಟಿಂಗ್ ಎಣ್ಣೆಯನ್ನೇ ಬಳಸಿ. ಡಬ್ಲ್ಯೂಡಿ-40ರ ಮೂಲ ಕೆಲಸ ತೇವ ಓಡಿಸುವುದು, ಇಪ್ಪತ್ತು ವರ್ಷದ ತುಕ್ಕಿಗೆ ಅದರ ಮೇಲೆ ಹೆಚ್ಚು ಭರವಸೆ ಇಡಬೇಡಿ.

ಹಾಕುವ ಕ್ರಮ ಎಣ್ಣೆಗಿಂತ ಮುಖ್ಯ. ಕೀಲಿನ ಸುತ್ತ ಕಿಟಕಿ ಪುಟ್ಟಿಯಿಂದ ಸಣ್ಣ ಬದು ಕಟ್ಟಿ, ಗದ್ದೆಯಲ್ಲಿ ನೀರು ನಿಲ್ಲಿಸುವ ಹಾಗೆ. ಬೆಳಗ್ಗೆ ಸಂಜೆ ನಾಲ್ಕೈದು ಹನಿ. ಪ್ರತಿ ಸಲ ಹನಿ ಹಾಕಿದ ಮೇಲೆ 200 ಗ್ರಾಂ ಸುತ್ತಿಗೆ ಮತ್ತು ಹಿತ್ತಾಳೆ ಪಂಚಿನಿಂದ ಬುಷ್ ಕೂತಿರುವ ಬ್ಲಾಕನ್ನು ಐವತ್ತು ಅರವತ್ತು ಸಲ ಮೆಲ್ಲಗೆ ತಟ್ಟಿ, ಹಿಂದುಗಡೆ ಭಾರದ ಕಬ್ಬಿಣದ ತುಂಡೊಂದನ್ನು ಒತ್ತಿ ಹಿಡಿದು. ಕೀಲು ಬಿಡಿಸುವುದು ಹೊಡೆತವಲ್ಲ, ನಡುಕ. ತುಕ್ಕಿನಲ್ಲಿ ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಮೂರು ದಿನದಿಂದ ಒಂದು ವಾರ ಹೀಗೆ. ಕೊಳವೆಗೆ ನೇರವಾಗಿ ಹೊಡೆದರೆ ಅದು ಮೊಟ್ಟೆಯಾಕಾರಕ್ಕೆ ಚಪ್ಪಟೆಯಾಗಿ, ತುಕ್ಕಿನ ಜಾಮ್ ಹೋಗಿ ಶಾಶ್ವತ ಜಾಮ್ ಬರುತ್ತದೆ.

ತಿರುಗಿಸಲು ಸ್ಟಿಕ್ಕನ್ನು ಬಳಸಬೇಡಿ. ಎರಡು ಮರದ ತುಂಡಿಗೆ ವಿ ಆಕಾರದ ತೋಡು ಕೊರೆದು, ಒಳಗೆ ಚರ್ಮ ಅಂಟಿಸಿ, ಕಚ್ಚಿಕೊಂಡ ಬುಷ್‌ನ ಪಕ್ಕದಲ್ಲೇ ಟ್ಯೂಬಿಗೆ ಬಿಗಿಯಿರಿ. ಹಿಡಿ 30 ಸೆಂಟಿಮೀಟರ್ ಇರಲಿ. ಅದರ ತುದಿಗೆ ಕಾಳುಮೆಣಸು ತೂಗುವ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯಿರಿ. 5 ಕಿಲೋ ದಾಟಿದರೆ ನಿಲ್ಲಿಸಿ ಮತ್ತೆ ಎಣ್ಣೆ. ಮೊದಲು ಒಂದೆರಡು ಡಿಗ್ರಿ ಅಲುಗಿದರೆ ಸಾಕು, ವಾಪಸ್ ತನ್ನಿ, ಮತ್ತೆ ಅತ್ತ. ಒಂದೇ ಕಡೆಗೆ ಎಳೆದುಕೊಂಡು ಹೋದರೆ ತುಕ್ಕಿನ ಪುಡಿ ಮುಂದೆ ರಾಶಿಯಾಗಿ ಬುಷ್‌ಗೆ ಗೀರು ಹಾಕುತ್ತದೆ. ಕೆಂಪು ಕೆಸರು ಹೊರಬರಲು ಶುರುವಾದರೆ ದಾರಿ ಸರಿಯಿದೆ. ಮಿನರಲ್ ಟರ್ಪಂಟೈನಿನಿಂದ ತೊಳೆದು ಮುಂದುವರಿಸಿ.

ಬಿಳಿ ಹಿಟ್ಟಿನ ಕೇಸಿಗೆ ಬಿಸಿ ಬೇಕು, ಬೆಂಕಿಯಲ್ಲ. ಕುದಿಯುವ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಅಲ್ಯೂಮಿನಿಯಂ ಭಾಗಕ್ಕೆ ಸುತ್ತಿ, ಆರಿದಂತೆಲ್ಲ ಬದಲಾಯಿಸಿ. ಪೊನ್ನಂಪೇಟೆಯ ಎತ್ತರದಲ್ಲಿ ನೀರು 97 ಡಿಗ್ರಿ ಸುಮಾರಿಗೆ ಕುದಿಯುತ್ತದೆ, ಆದ್ದರಿಂದ ಮಿತಿ ದಾಟುವ ಭಯವೇ ಇಲ್ಲ. ಅಲ್ಯೂಮಿನಿಯಂ ಸ್ಟೀಲಿನ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ: 25 ಮಿಲಿಮೀಟರಿನ ರಂಧ್ರ 70 ಡಿಗ್ರಿ ಬಿಸಿಯಾದರೆ ಒಳಗಿನ ಸ್ಟೀಲಿಗಿಂತ ಸುಮಾರು 0.02 ಮಿಲಿಮೀಟರ್ ಹೆಚ್ಚು ಅಗಲವಾಗುತ್ತದೆ. ಕೂದಲಿನ ಕಾಲು ಭಾಗ ಅನ್ನಿ; ತಟ್ಟುತ್ತಾ ಇದ್ದರೆ ಬಹಳ ಸಲ ಅಷ್ಟೇ ಸಾಕು. ಹೀಟ್ ಗನ್ ಬಳಸಲೇಬೇಕೆಂದರೆ ಎಣ್ಣೆ, ಅಸಿಟೋನ್ ಎಲ್ಲ ಒರೆಸಿ ಒಣಗಿದ ಮೇಲೆ, ಪೆಟ್ರೋಲ್ ಟ್ಯಾಂಕ್ ಗಾಡಿಯಿಂದ ಇಳಿಸಿ, ಥರ್ಮಾಮೀಟರ್ ಇಟ್ಟುಕೊಂಡು, 100 ಡಿಗ್ರಿಗೆ ನಿಲ್ಲಿಸಿ.

ತೋಳುಗಳನ್ನು ಟ್ಯೂಬಿನಿಂದ ಕಳಚಬೇಕಾಗಿ ಬಂದಲ್ಲಿ ಒಂದು ಎಚ್ಚರಿಕೆ. ಈ ಪೀಳಿಗೆಯ ವಿಮಾನಗಳಲ್ಲಿ ಅವನ್ನು ಟೇಪರ್ ಪಿನ್ನಿನಿಂದ ಕೂರಿಸಿರುವುದುಂಟು. ಅದರ ಇಳಿಜಾರು 48ಕ್ಕೆ 1, ಅಂದರೆ 24 ಮಿಲಿಮೀಟರ್ ಉದ್ದದ ಪಿನ್ನಿನ ಎರಡು ತುದಿಗಳ ನಡುವೆ ವ್ಯತ್ಯಾಸ ಬರೀ ಅರ್ಧ ಮಿಲಿಮೀಟರ್. ಪೇಂಟ್ ಕೆರೆದು ಎರಡೂ ತುದಿಯನ್ನು ವರ್ನಿಯರ್‌ನಲ್ಲಿ ಅಳೆಯಿರಿ, ಸಪೂರ ತುದಿಗೆ ಮಾತ್ರ ಪಂಚ್ ಇಡಿ. ಸಪೂರ ತುದಿಗೆ ಥ್ರೆಡ್ ಮತ್ತು ನಟ್ ಇರುವ ಜಾತಿಯಾದರೆ ನಟ್ಟನ್ನು ತುದಿಯ ಮಟ್ಟಕ್ಕೆ ಸಡಿಲಿಸಿ ಅದರ ಮೇಲೆ ತಟ್ಟಿ, ಆಗ ಥ್ರೆಡ್ ಉಳಿಯುತ್ತದೆ. ದಪ್ಪ ತುದಿಗೆ ಹೊಡೆದರೆ ಪ್ರತಿ ಪೆಟ್ಟಿಗೂ ಪಿನ್ ಇನ್ನಷ್ಟು ಬಿಗಿಯುತ್ತದೆ. ಬಗ್ಗದ ಪಿನ್ ಇದು ಎಂದು ಬೈಸಿಕೊಳ್ಳುವ ಪಿನ್ನುಗಳಲ್ಲಿ ಬಹಳಷ್ಟು ತಪ್ಪು ಕಡೆಯಿಂದ ಹೊಡೆಸಿಕೊಂಡವು.

ನೇರ ಬೋಲ್ಟುಗಳಿಗೆ ಸುತ್ತಿಗೆಗಿಂತ ಒತ್ತುವ ಸಾಧನ ಒಳ್ಳೆಯದು: ತಲೆಯ ಕಡೆ ಬೋಲ್ಟಿನ ತಲೆ ಒಳಗೆ ಇಳಿಯುವಷ್ಟು ದೊಡ್ಡ ಸಾಕೆಟ್, ಇನ್ನೊಂದು ಕಡೆ ಸಪೂರ ಪಿನ್, ಎರಡನ್ನೂ ಸೇರಿಸಿ ಸಣ್ಣ ಜಿ-ಕ್ಲಾಂಪಿನಲ್ಲಿ ಒತ್ತಿದರೆ ಬೋಲ್ಟು ಸದ್ದಿಲ್ಲದೆ ಸಾಕೆಟ್ಟಿಗೆ ಇಳಿಯುತ್ತದೆ. ಬೋಲ್ಟನ್ನು ಉಳಿಸುವ ಆಸೆ ಬೇಡ, ಹೊಸದು ಸಿಗುತ್ತದೆ. ಅದು ಕೂತಿರುವ ಫಿಟ್ಟಿಂಗ್ ಎಲ್ಲೂ ಸಿಗುವುದಿಲ್ಲ. ಕೊನೆಗೆ ಡ್ರಿಲ್ ಮಾಡಬೇಕಾದರೆ ಬೋಲ್ಟಿಗಿಂತ ಒಂದೂವರೆ ಮಿಲಿಮೀಟರ್ ಸಣ್ಣ ಬಿಟ್ಟಿನಿಂದ ನಡುವನ್ನಷ್ಟೇ ಕೊರೆದು, ಉಳಿದ ಸಿಪ್ಪೆಯನ್ನು ಪಂಚಿನಿಂದ ಇಳಿಸಿ. ಹೊಸ ಬೋಲ್ಟು ಹಾಕುವ ಮೊದಲು ಥ್ರೆಡ್ ಗೇಜ್ ಹಿಡಿಯಿರಿ. ಅಮೆರಿಕನ್ ಕಾಲಿಂಚಿನ ಬೋಲ್ಟಿಗೆ ಇಂಚಿಗೆ 28 ಥ್ರೆಡ್, ಬ್ರಿಟಿಷರ ಸಣ್ಣ ಥ್ರೆಡ್ ಮಾನಕವಾದ ಬಿಎಸ್ಎಫ್‌ಗೆ 26. ಒಂದರ ನಟ್ಟನ್ನು ಇನ್ನೊಂದಕ್ಕೆ ಹಾಕಿದರೆ ಎರಡು ಸುತ್ತು ಕೈಯಲ್ಲೇ ಹೋಗಿ ಆಮೇಲೆ ಥ್ರೆಡ್ ಕೀಳುತ್ತದೆ.

ತುಕ್ಕು ತೆಗೆಯಲು ಊರಿನಲ್ಲಿ ನೂರು ಸಲಹೆ ಬರುತ್ತವೆ, ಅದರಲ್ಲಿ ಒಂದು ಕಾಚಂಪುಳಿ, ಕೊಡಗಿನ ಅಡುಗೆಯ ಕಪ್ಪು ಹುಳಿ. ಕತ್ತಿಗೆ, ಗುದ್ದಲಿಗೆ ಹಚ್ಚಬಹುದು. ವಿಮಾನದ ಹದ ಕೊಟ್ಟ ಬೋಲ್ಟು, ಸ್ಪ್ರಿಂಗ್‌ಗಳಿಗೆ ಯಾವ ಆಮ್ಲವೂ ಬೇಡ: ಆಮ್ಲ ಸ್ಟೀಲನ್ನು ತಿನ್ನುವಾಗ ಹುಟ್ಟುವ ಹೈಡ್ರೋಜನ್ ಲೋಹದೊಳಕ್ಕೆ ಇಳಿದು ಅದನ್ನು ಗಾಜಿನಂತೆ ಪೆಡಸು ಮಾಡುತ್ತದೆ, ಮುರಿಯುವುದು ದಿನಗಳ ನಂತರ, ಭಾರ ಬಿದ್ದಾಗ. ಕ್ಯಾಡ್ಮಿಯಂ ಲೇಪವೂ ಕರಗಿ ಹೋಗುತ್ತದೆ. ಕಾಚಂಪುಳಿ ಪಂದಿ ಕರಿಗೇ ಇರಲಿ. ಕಳಚಿದ ಸಾದಾ ಸ್ಟೀಲ್ ಬ್ರಾಕೆಟ್ಟುಗಳಿಗೆ ಒಂದು ಪಾಲು ಕಾಕಂಬಿ, ಒಂಬತ್ತು ಪಾಲು ನೀರು ಬೆರೆಸಿ ವಾರ, ಹತ್ತು ದಿನ ಮುಳುಗಿಸಿಟ್ಟರೆ ತುಕ್ಕು ಮೆಲ್ಲಗೆ ಬಿಡುತ್ತದೆ. ಅಲ್ಯೂಮಿನಿಯಂ ಏನಾದರೂ ಸೇರಿದ್ದರೆ ಆ ಬಕೆಟ್ಟಿಗೆ ಹಾಕಬೇಡಿ. ಕ್ಯಾಡ್ಮಿಯಂ ಇರುವ ಭಾಗವನ್ನು ಒಣ ವೈರ್ ಬ್ರಶ್‌ನಿಂದ ಉಜ್ಜಬೇಡಿ, ಆ ದೂಳು ವಿಷ.

ಈಗ ಎಲಿವೇಟರಿನ (ಸ್ಟಿಕ್ ಹಿಂದೆಮುಂದೆ ಮಾಡಿದಾಗ ಆಡುವ, ಬಾಲದ ಅಡ್ಡ ಹಲಗೆ) ಒಂದಿಂಚಿನ ವಿಷಯ. ಒಬ್ಬರು ಸ್ಟಿಕ್ ಎಳೆಯಲಿ, ಇನ್ನೊಬ್ಬರು ಬಾಲದ ಹತ್ತಿರ ನಿಲ್ಲಲಿ. ಒಂದಿಂಚಿನ ಕೊನೆಯಲ್ಲಿ ರಬ್ಬರಿನ ಹಾಗೆ ಮೆತ್ತಗೆ ನಿಂತರೆ ಕೇಬಲ್ ಹಿಗ್ಗುತ್ತಿದೆ, ಹಿಂದೆ ಎಲ್ಲೋ ಕಚ್ಚಿದೆ. ಟಕ್ಕೆಂದು ನಿಂತರೆ ಏನೋ ಅಡ್ಡ ಬರುತ್ತಿದೆ. ಬಗ್ಗಿದ ತೋಳು, ಬಿದ್ದ ಬೋಲ್ಟು, ಅಥವಾ ಕಣಜ ಕಟ್ಟಿದ ಮಣ್ಣಿನ ಗೂಡು. ಎಲಿವೇಟರಿನ ಹಾರ್ನಿನಲ್ಲಿ (ಕೇಬಲ್ ಸಿಕ್ಕಿಸುವ ತೋಳಿನಲ್ಲಿ) ಪಿನ್ ತೆಗೆದು ಎಲಿವೇಟರನ್ನು ಕೈಯಲ್ಲಿ ಎತ್ತಿ ನೋಡಿ. ಹಗುರವಾಗಿ ಆಡಿದರೆ ತೊಂದರೆ ಮುಂದಿದೆ, ಆಡದಿದ್ದರೆ ಹಿಂಜ್ ಪಿನ್ನುಗಳಲ್ಲಿದೆ. ದಾರಿಯ ರಾಟೆಗಳನ್ನು ಒಂದೊಂದಾಗಿ ಬೆರಳಿನಲ್ಲಿ ತಿರುಗಿಸಿ. ಕೇಬಲ್ ಜಾರುತ್ತಿದ್ದು ರಾಟೆ ತಿರುಗದಿದ್ದರೆ ಅದರ ತೋಡಿನಲ್ಲಿ ಒಂದೇ ಕಡೆ ಸವೆದ ಹಳ್ಳ ಕಾಣುತ್ತದೆ. ಅಂಥ ರಾಟೆ ಬಿಡಿಸುವುದು ವ್ಯರ್ಥ, ಬದಲಾಯಿಸಿ. ಸೀಲ್ ಇರುವ ಬೇರಿಂಗ್‌ಗೆ ತೆಳು ಎಣ್ಣೆ ಹಾಕಿದರೆ ಒಳಗಿದ್ದ ಗ್ರೀಸೂ ತೊಳೆದುಹೋಗುತ್ತದೆ. ಕೇಬಲ್ ಮೇಲೆ ಹತ್ತಿಬಟ್ಟೆ ಎಳೆದಾಗ ಎಳೆ ಸಿಕ್ಕಿಕೊಂಡರೆ ಆ ಕೇಬಲ್ ಮುಗಿಯಿತು.

ಎಡ ಪೆಡಲ್ ವಾಪಸ್ ಬರದಿರುವುದಕ್ಕೆ ಸುಲಭದ ಪರೀಕ್ಷೆಯಿದೆ: ಎಡ ಪೆಡಲ್ ಹೋಗಿ ನಿಂತ ಮೇಲೆ ಬಲ ಪೆಡಲ್ ಒತ್ತಿ. ರಡ್ಡರ್ ಮೂಲಕ ಕೇಬಲ್ ಎಡವನ್ನು ಹಿಂದಕ್ಕೆ ಎಳೆಯಬೇಕು. ಎಡ ಪೆಡಲ್ ಬಂದರೆ ವಾಪಸ್ ಎಳೆಯುವ ಸ್ಪ್ರಿಂಗ್ ಮಾತ್ರ ಹೋಗಿದೆ, ಇಲ್ಲವೇ ಬುಷ್‌ನಲ್ಲಿ ಮಣ್ಣು ತುಂಬಿದೆ. ಬಲ ಸರಾಗವಾಗಿ ಹೋಗಿಯೂ ಎಡ ಅಲುಗದಿದ್ದರೆ ಎಡ ಕೇಬಲ್ ತುಂಡಾಗಿದೆ ಅಥವಾ ರಾಟೆಯಿಂದ ಜಾರಿದೆ. ಸ್ಪ್ರಿಂಗ್ ಬದಲಿಸುವಾಗ ಎರಡೂ ಬದಿ ಒಂದೇ ಬಿಗಿತದ ಜೋಡಿ ಬೇಕು; ಸ್ಕೂಟರ್ ಸ್ಟ್ಯಾಂಡಿನ ಸ್ಪ್ರಿಂಗ್ ಹಾಕಿದರೆ ಪೆಡಲ್ ವಾಪಸ್ ಬರುತ್ತದೆ, ಆದರೆ ರಡ್ಡರ್ ಸದಾ ಒಂದು ಕಡೆಗೆ ಎಳೆಯುತ್ತದೆ.

ಎಲ್ಲ ಬಿಟ್ಟುಕೊಂಡ ಮೇಲೆ ಕಳಚಿದ ಪ್ರತಿ ಭಾಗವನ್ನೂ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಕಣ್ಣಿಗೆ ಕಾಣದ ಬಿರುಕು ಹುಡುಕಲು ಅಲ್ಯೂಮಿನಿಯಂ ತೋಳುಗಳಿಗೆ ಡೈ ಪೆನೆಟ್ರೆಂಟ್, ಸ್ಟೀಲಿಗೆ ಮ್ಯಾಗ್ನೆಟಿಕ್ ಪರೀಕ್ಷೆ ಮಾಡಿಸಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿ ಇರುವುದನ್ನು ಪಕ್ಕಕ್ಕಿಡಿ. ರಂಧ್ರವಿರುವ ಕಂಚಿನ ಬುಷ್‌ಗಳನ್ನು ಟರ್ಪಂಟೈನಿನಲ್ಲಿ ತೊಳೆದಿದ್ದರೆ ಅವುಗಳೊಳಗಿನ ಎಣ್ಣೆಯೂ ಹೋಗಿರುತ್ತದೆ, ಬಿಸಿ ಎಣ್ಣೆಯಲ್ಲಿ ರಾತ್ರಿಯಿಡೀ ನೆನೆಸಿ. ಕೊಳವೆಯೊಳಗೆ ತುಕ್ಕು ಹಿಡಿಯದಿರಲು ಬಿಸಿ ಅಗಸೆ ಎಣ್ಣೆ ಸುರಿದು ಹೊರಳಿಸಿ ಬಸಿಯುವುದು ಹಳೆಯ ಪದ್ಧತಿ, ಈಗಲೂ ನಡೆಯುತ್ತದೆ. ಗ್ರೀಸಿಗೆ ಏರೋಶೆಲ್ 33ರಂಥ ವಿಮಾನದ ಗ್ರೀಸ್ ಬಳಸಿ, ಹಳೆಯದನ್ನು ಪೂರ್ತಿ ತೆಗೆದ ಮೇಲೆ. ಎರಡು ಜಾತಿಯ ಗ್ರೀಸ್ ಬೆರೆತರೆ ನೀರಾಗಬಹುದು ಇಲ್ಲವೇ ಗಟ್ಟಿಯಾಗಬಹುದು. ಹೊರಳುವ ಕೀಲಿನ ಬೋಲ್ಟಿಗೆ ನೈಲಾನ್ ಲಾಕ್ ನಟ್ ಹಾಕಬಾರದು, ಕಿರೀಟದಂಥ ಕ್ಯಾಸಲ್ ನಟ್ ಮತ್ತು ಹೊಸ ಸ್ಪ್ಲಿಟ್ ಪಿನ್ನೇ ಆಗಬೇಕು. ಬಿಗಿಯುವುದೂ ಕೀಲು ಆಡುವಷ್ಟು ಮಾತ್ರ.

ಹಾರಿಸುವ ಆಸೆಯ ಬಗ್ಗೆ: ಬಿಚ್ಚುವ ಮೊದಲೇ ಡಿಜಿಸಿಎ (ನಾಗರಿಕ ವಿಮಾನಯಾನ ನಿರ್ದೇಶನಾಲಯ) ಪರವಾನಗಿ ಇರುವ ಎಎಂಇ (ವಿಮಾನ ನಿರ್ವಹಣಾ ಎಂಜಿನಿಯರ್) ಒಬ್ಬರನ್ನು ಕರೆಸಿ, ಮುಗಿದ ಮೇಲೆ ಕರೆಸಿದರೆ ಅವರು ಎಲ್ಲವನ್ನೂ ಮತ್ತೆ ಬಿಚ್ಚಿಸುತ್ತಾರೆ, ಅದು ಸರಿಯೂ ಹೌದು. ಕಂಟ್ರೋಲ್ ಕೆಲಸಕ್ಕೆ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷಿಸಿ ಸಹಿ ಹಾಕಬೇಕು. ಆ ಪರೀಕ್ಷೆಯಲ್ಲಿ ಸ್ಟಿಕ್ ಎಡಕ್ಕೆ ವಾಲಿಸಿದರೆ ಎಡ ಏಲರಾನ್ ಮೇಲೇಳಬೇಕು, ಹಿಂದಕ್ಕೆ ಎಳೆದರೆ ಎಲಿವೇಟರಿನ ಹಿಂಬದಿ ಮೇಲೇಳಬೇಕು, ಎಡ ಪೆಡಲ್ ಒತ್ತಿದರೆ ರಡ್ಡರಿನ ಹಿಂಬದಿ ಎಡಕ್ಕೆ ತಿರುಗಬೇಕು. ಕೇಬಲ್ ಚೀಟಿ ಅದಲುಬದಲಾದರೆ ಕೀಲುಗಳೆಲ್ಲ ಬೆಣ್ಣೆಯ ಹಾಗೆ ಆಡುತ್ತವೆ, ಆದರೆ ಉಲ್ಟಾ ದಿಕ್ಕಿಗೆ. ಆದ್ದರಿಂದ ಒಬ್ಬರು ಸೀಟಿನಲ್ಲಿ ಕೂತು ದಿಕ್ಕನ್ನು ಕೂಗಿ ಹೇಳಲಿ, ಹೊರಗೆ ನಿಂತವರು ತಮ್ಮ ಕಣ್ಣಿಗೆ ಕಂಡದ್ದನ್ನು ಕೂಗಿ ಹೇಳಲಿ.